ಶಿವಮೊಗ್ಗದ ಗುಜರಿಯಲ್ಲಿ ಹಳೆಯ ಅಡೆಗಲ್ಲು (ಕಮ್ಮಾರರು ಕಾದ ಲೋಹವನ್ನಿಟ್ಟು ಬಡಿಯುವ ಕಬ್ಬಿಣದ ದಿಮ್ಮಿ) ನೋಡಿದ್ದೇನೆ. ಅದು ಒಳ್ಳೆಯದೇ ಎಂದು ತಿಳಿಯುವುದು ಹೇಗೆ?

ಬೇರಿಂಗ್‌ನ ಉಕ್ಕಿನ ಗುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಸುಮಾರು 25 ಸೆಂ.ಮೀ. ಎತ್ತರದಿಂದ ಅಡೆಗಲ್ಲಿನ ಮೇಲ್ಮೈಗೆ ಬಿಡಿ. ಗುಂಡು 18-20 ಸೆಂ.ಮೀ. ಪುಟಿದರೆ ಧೈರ್ಯವಾಗಿ ಕೊಳ್ಳಬಹುದು. ಅರ್ಧದಷ್ಟೂ ಏರದಿದ್ದರೆ ಅದು ಬರೀ ಎರಕದ ಕಬ್ಬಿಣ, ಇಲ್ಲವೇ ಹದ ಕಳೆದುಕೊಂಡ ಉಕ್ಕು. ಹದವಾದ ಉಕ್ಕು ಪೆಟ್ಟಿನ ಬಲವನ್ನು ಹಿಂದಿರುಗಿಸುತ್ತದೆ. ಮೆದು ಲೋಹ ಒಳಗೊಳಗೇ ತಗ್ಗಿ ನುಂಗಿಬಿಡುತ್ತದೆ. ದಿನವಿಡೀ ಕತ್ತಿ ಬಡಿಯುವ ಕಮ್ಮಾರನ ತೋಳಿಗೆ ಈ ಪುಟಿತವೇ ಆಸರೆ. ನಾಲ್ಕೈದು ಕಡೆ ಪರೀಕ್ಷಿಸಿ, ಏಕೆಂದರೆ ವೆಲ್ಡಿಂಗ್ ಮಾಡಿದ ಮೂಲೆಯಷ್ಟೇ ಮೆತ್ತಗಾಗಿರಬಹುದು.

ಹಳೆಯ ಇಂಗ್ಲಿಷ್ ಅಡೆಗಲ್ಲುಗಳ ಪಕ್ಕದಲ್ಲಿ 1-2-10 ಎಂಬಂಥ ಅಂಕಿಗಳಿರುತ್ತವೆ. ಅದು ತೂಕ: ಮೊದಲನೆಯದನ್ನು 112ರಿಂದ, ಎರಡನೆಯದನ್ನು 28ರಿಂದ ಗುಣಿಸಿ, ಮೂರನೆಯದನ್ನು ಕೂಡಿಸಿದರೆ 178 ಪೌಂಡ್, ಅಂದರೆ ಸುಮಾರು 81 ಕಿಲೊ. ಬೆಲೆ ಕಟ್ಟುವಾಗ ತೂಕಕ್ಕಿಂತ ಮೇಲ್ಮೈ ಮತ್ತು ಅಂಚುಗಳಿಗೆ ಹೆಚ್ಚು ಮಾನ ಕೊಡಿ. ತುಕ್ಕಿಗೆ ಹೆದರಬೇಡಿ, ತಂತಿ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ದಯವಿಟ್ಟು ಮೇಲ್ಮೈಯನ್ನು ಗ್ರೈಂಡರ್‌ನಿಂದ ಸವೆಸಬೇಡಿ. ಗಟ್ಟಿ ಪದರ ತೆಳುವಾಗಿರುತ್ತದೆ, ಹೋದರೆ ಮತ್ತೆ ಬಾರದು. ಮಲೆನಾಡಿನ ಮಳೆಗಾಲದಲ್ಲಿ ಕೆಲಸ ಮುಗಿದೊಡನೆ ಒರೆಸಿ, ತೆಳುವಾಗಿ ಎಣ್ಣೆ ಸವರಿಡಿ.