ಹಳೇ ಸ್ವಿಫ್ಟ್‌ಗೆ ಅಗಲ ಟೈರು, ಒರಿಜಿನಲ್ ಪ್ಯಾಡು ಹಾಕಿದರೆ ಘಾಟಿ ಇಳಿಯಲು ಸಾಕಾ?

ನಿಮ್ಮದು 2013ರ ಪೆಟ್ರೋಲ್ ಸ್ವಿಫ್ಟ್, ಮನೆ ಮಡಿಕೇರಿ, ವಾರಕ್ಕೊಮ್ಮೆ ಸಂಪಾಜೆ ಘಾಟಿ. ಮಳೆ ಹಿಡಿಯುವ ಮೊದಲು 185/65 ಆರ್15 ಟೈರು (ಅಗಲ 185 ಮಿಮೀ, ರಿಮ್ 15 ಇಂಚು), ಹೊಸ ಬ್ರೇಕ್ ಪ್ಯಾಡು ನೀವೇ ಹಾಕಬೇಕೆಂದಿದ್ದೀರಿ, ಯಾವ ಕಂಪನಿಯದ್ದು ಒಳ್ಳೆಯದು ಎಂದು ಕೇಳಿದ್ದೀರಿ. ಓದಿ ನಗು ಬಂತು. ಕೆಲವು ವರ್ಷದ ಹಿಂದೆ ಇದೇ ಕಾರು, ಇದೇ ರಸ್ತೆ, ಇದೇ ಪಟ್ಟಿ ಹಿಡಿದು ನಾನೂ ಅಂಗಡಿ ಅಂಗಡಿ ಸುತ್ತಿದ್ದೆ. ಪಟ್ಟಿಯಲ್ಲಿ ಎಲ್ಲವೂ ಇತ್ತು, ಬ್ರೇಕ್ ಆಯಿಲ್ ಒಂದು ಬಿಟ್ಟು. ನಿಮ್ಮದರಲ್ಲೂ ಇಲ್ಲ.

ನಾನು ಮಾಡಿದ್ದು ಇಷ್ಟು. ಮೇ ತಿಂಗಳಲ್ಲಿ ಒಂದು ಲೀಟರಿನ ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಬಾಟಲಿ ತೆರೆದೆ, ಅರ್ಧ ಬಳಸಿ ಮುಚ್ಚಳ ತಿರುಗಿಸಿ ಶೆಡ್ಡಿನಲ್ಲಿ ಕಳೆ ಹೊಡೆಯುವ ಮೆಷಿನ್ ಪಕ್ಕ ಇಟ್ಟೆ. ಮುಚ್ಚಳದೊಳಗಿನ ತೆಳು ಸೀಲನ್ನು ತೆರೆಯುವಾಗಲೇ ಹರಿದು ಬಿಸಾಡಿದ್ದೆ. ಕಕ್ಕಡದ (ಜುಲೈ-ಆಗಸ್ಟಿನ) ಮಳೆ ಪೂರ್ತಿ ಅದು ಅಲ್ಲೇ ಇತ್ತು. ಗೋಡೆಯೇ ಬೆವರುವ ಕಾಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ, ನಿಮಗೆ ಗೊತ್ತಿದ್ದದ್ದೇ. ಸೆಪ್ಟೆಂಬರಿನಲ್ಲಿ ಹಿಂದಿನ ಚಕ್ರದ ವೀಲ್ ಸಿಲಿಂಡರ್ (ಅಲ್ಲಿನ ಬ್ರೇಕನ್ನು ಒತ್ತುವ ಪುಟ್ಟ ಸಿಲಿಂಡರ್) ಸೋರಿತು. ಎರಡೂ ಬದಿಯದ್ದನ್ನು ಬದಲಿಸಿ, ಉಳಿದಿದ್ದ ಅರ್ಧ ಬಾಟಲಿಯಿಂದಲೇ ನಾಲ್ಕೂ ಚಕ್ರ ಬ್ಲೀಡ್ ಮಾಡಿದೆ, ಅಂದರೆ ಒಳಗಿನ ಗಾಳಿ, ಹಳೇ ಆಯಿಲ್ ಹೊರಹಾಕಿದೆ. ದುಡ್ಡು ಉಳಿಯಿತು ಅಂದುಕೊಂಡೆ.

ಆ ವಾರವೇ ನಾಲ್ಕು ಜನ ಕೂತು ಮಂಗಳೂರಿಗೆ ಹೊರಟೆವು. ಮೂರನೇ ಗೇರಿನಲ್ಲೇ ಬ್ರೇಕ್ ತುಳಿಯುತ್ತಾ ಇಳಿದೆ, ಅದೂ ತಪ್ಪೇ. ಜೋಡುಪಾಲ ದಾಟಿದ ಮೇಲೆ ಪೆಡಲ್ ಸ್ಪಂಜಿನಂತಾಯಿತು, ಮುಂದಿನ ತಿರುವಿಗೆ ನೆಲಕ್ಕೇ ಹೋಯಿತು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ತಾಗಿಸಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಿಡಿದದ್ದು ಯಾಕೆಂದರೆ ಅದು ಕೇಬಲ್, ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಅರ್ಧ ಗಂಟೆ ಬಿಟ್ಟು ತುಳಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿ! ಬಾನೆಟ್ ಎತ್ತಿದರೆ ಆಯಿಲ್ ಮಟ್ಟ ಸರಿ, ಎಲ್ಲೂ ಸೋರಿಕೆಯಿಲ್ಲ.

ಬೈಗುಳ ಸಿಕ್ಕಿದ್ದು ಪ್ಯಾಡಿಗೆ. ಲೋಕಲ್ ಪ್ಯಾಡು ಹಾಕಿದರೆ ಹೀಗೇ ಎಂದು ತೀರ್ಮಾನಿಸಿ, ಇನ್ನೂ ಮುಕ್ಕಾಲು ಭಾಗ ಉಳಿದಿದ್ದ ಪ್ಯಾಡು ಬಿಸಾಡಿ ಕಂಪನಿಯ ಒರಿಜಿನಲ್ ಸೆಟ್ ಹಾಕಿದೆ. ಅಕ್ಟೋಬರಿನಲ್ಲಿ ಅದೇ ಇಳಿಜಾರು, ಅದೇ ಕಥೆ. ಸುಳ್ಯದ ಮೆಕ್ಯಾನಿಕ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಪೆಡಲ್ ಮೆತ್ತಗಾಯ್ತಾ, ಗಟ್ಟಿಯಾಗೇ ಇದ್ದು ಗಾಡಿ ನಿಲ್ಲಲಿಲ್ವಾ?"

ಇಡೀ ವಿಷಯ ಆ ಪ್ರಶ್ನೆಯಲ್ಲೇ ಇದೆ. ಪ್ಯಾಡು ವಿಪರೀತ ಕಾದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ, ಎಷ್ಟು ತುಳಿದರೂ ಹಿಡಿತ ಸಾಲದು. ಪೆಡಲ್ ಮೆತ್ತಗಾಗಿ ನೆಲ ಮುಟ್ಟಿ, ತಣಿದ ಮೇಲೆ ತಾನೇ ಸರಿಹೋದರೆ ಒಳಗೆ ಆಯಿಲ್ ಕುದಿದಿದೆ ಎಂದರ್ಥ. ಹೆಸರಿಗೆ ಆಯಿಲ್, ನಿಜಕ್ಕೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಉಪ್ಪಿನಂತೆ ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಲೆಕ್ಕ. ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಬಿಡದೆ ತುಳಿದಾಗ ಪ್ಯಾಡಿನ ಶಾಖ ಪಿಸ್ಟನ್ ಮೂಲಕ ಕ್ಯಾಲಿಪರ್ (ಪ್ಯಾಡು ಹಿಡಿದಿರುವ ಭಾಗ) ಒಳಗಿನ ದ್ರವಕ್ಕೆ ಹೋಗಿ ಅಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಆ ಗುಳ್ಳೆ ಹಿಂಡುವುದಕ್ಕೇ ಖರ್ಚು. ತಣಿದರೆ ಗುಳ್ಳೆ ಮಾಯ, ಪೆಡಲ್ ಗಟ್ಟಿ, ಗ್ಯಾರೇಜಿಗೆ ಒಯ್ದರೆ "ಏನೂ ಇಲ್ವಲ್ಲ ಸಾರ್". ಒರಿಜಿನಲ್ ಪ್ಯಾಡು ಹಾಕಿದಾಗಲೂ ನಾನು ಆಯಿಲ್ ಮುಟ್ಟಿರಲಿಲ್ಲ, ಹಾಗಾಗಿ ಮತ್ತದೇ ಆಯಿತು.

ಆದ್ದರಿಂದ ಮೊದಲು ಸೀಲ್ ಒಡೆಯದ ಡಾಟ್ 4 ತನ್ನಿ. ಡಾಟ್ 3 ಇದ್ದ ಕಡೆ ಹಾಕಬಹುದು. ಡಾಟ್ 5 ಎಂದಿದ್ದರೆ ಬೇಡ, ಅದು ಸಿಲಿಕೋನ್, ಗ್ಲೈಕಾಲ್ ಜಾತಿಯದ್ದಲ್ಲ. ಪೂರ್ತಿ ಬದಲಿಸಲು ಒಂದು ಲೀಟರಿನವರೆಗೆ ಬೇಕಾದೀತು; ಅರ್ಧ ಲೀಟರಿನ ಎರಡು ಬಾಟಲಿ ತನ್ನಿ, ಎರಡನೆಯದನ್ನು ಬೇಕಾದಾಗ ಮಾತ್ರ ಒಡೆಯಿರಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತಾರೆ. ನಮ್ಮ ತೇವಕ್ಕೆ ನಾನು ಪ್ರತಿ ವರ್ಷ ಮಳೆ ಮುಗಿದ ಮೇಲೆ ಬದಲಿಸುತ್ತೇನೆ.

ಈಗ ಟೈರು. 185/65 ಆರ್15 ಬೇಡವೇ ಬೇಡ. ನಿಮ್ಮದಕ್ಕೆ ಬಂದಿರುವುದು 165/80 ಆರ್14 ಎಂದಿದ್ದೀರಿ. ಎತ್ತರದಲ್ಲಿ ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ, ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತದೆ, ಅದಕ್ಕೇ ಅಂಗಡಿಯವರು ಧೈರ್ಯವಾಗಿ ಹೇಳುತ್ತಾರೆ. ಆದರೆ ಪಕ್ಕದ ಗೋಡೆ 132 ಮಿಮೀ ಇದ್ದದ್ದು 120ಕ್ಕೆ ಇಳಿಯುತ್ತದೆ. ತೋಟದ ದಾರಿಯ ಚೂಪು ಕಲ್ಲಿಗೆ ಅದೇ ಮೊದಲು ಸಿಗುವುದು, ಪಕ್ಕ ಸೀಳಿದ ಟೈರಿಗೆ ಪಂಕ್ಚರ್ ಹಾಕಿ ಓಡಿಸುವಂತಿಲ್ಲ. ಅಗಲವಾದರೆ ಮಳೆಯಲ್ಲಿ ಗ್ರಿಪ್ ಹೆಚ್ಚು ಎಂಬುದಂತೂ ತಲೆಕೆಳಗಾದ ಮಾತು. ನಿಂತ ನೀರಿನಲ್ಲಿ ಅಗಲ ಟೈರು ಹೆಚ್ಚು ನೀರನ್ನು ಬದಿಗೆ ತಳ್ಳಬೇಕು, ತಳ್ಳಲಾಗದಿದ್ದರೆ ಅದರ ಮೇಲೆಯೇ ತೇಲುತ್ತದೆ. ಮಳೆಯಲ್ಲಿ ಕಾಪಾಡುವುದು ಟೈರಿನ ಮೇಲಿನ ಗೀರುಗಳ ಆಳ. ಕಾನೂನಿನ ಮಿತಿ 1.6 ಮಿಮೀ; ಮೇ ಕೊನೆಗೆ 3 ಮಿಮೀಗಿಂತ ಕಡಿಮೆ ಇದ್ದರೆ ನಾನು ಬದಲಿಸುತ್ತೇನೆ.

ಕಂಪನಿಗಿಂತ ತಯಾರಾದ ವಾರ ನೋಡಿ. ಟೈರಿನ ಪಕ್ಕದಲ್ಲಿ DOT ಎಂದು ಶುರುವಾಗುವ ಸಾಲಿನ (ಇದಕ್ಕೂ ಬ್ರೇಕ್ ಆಯಿಲಿನ ದರ್ಜೆಗೂ ಸಂಬಂಧವಿಲ್ಲ) ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೇ ವಾರ. ಈ ಅಂಕಿ ಹಲವು ಟೈರುಗಳಲ್ಲಿ ಒಂದೇ ಬದಿಗೆ ಇರುತ್ತದೆ, ರಿಮ್ಮಿಗೆ ಕೂರಿಸಿದ ಮೇಲೆ ಒಳಬದಿಗೆ ಹೋದರೆ ಕಾರಿನಡಿಗೆ ನುಗ್ಗಿ ನೋಡಬೇಕು. ಕೂರಿಸುವ ಮೊದಲೇ ಓದಿ. ಒಂದು ವರ್ಷಕ್ಕಿಂತ ಹಳೆಯದಾದರೆ ಎಷ್ಟೇ ಕಡಿಮೆಗೆ ಕೊಟ್ಟರೂ ನಾನು ಒಲ್ಲೆ. ಲೋಡ್ ಇಂಡೆಕ್ಸ್, ಅಂದರೆ ಟೈರು ಹೊರಬಲ್ಲ ಭಾರದ ಅಂಕಿ, ಈಗಿನ ಟೈರಿನದ್ದಕ್ಕಿಂತ ಇಳಿಯಬಾರದು (85 ಎಂದರೆ ಒಂದು ಟೈರಿಗೆ 515 ಕೆಜಿ). ಹೊಸ ಟೈರು ಎರಡೇ ತರುವುದಾದರೆ ಹಿಂದಕ್ಕೆ ಹಾಕಿ. ಎಂಜಿನ್ ಎಳೆಯುವುದು ಮುಂದಿನ ಚಕ್ರ ಎಂದು ಮುಂದಕ್ಕೇ ಹಾಕುವವರು ಹೆಚ್ಚು. ಒದ್ದೆ ತಿರುವಿನಲ್ಲಿ ಹಿಂಬದಿ ಜಾರಿದರೆ ಕಾರು ಸುತ್ತಿ ನಿಲ್ಲುತ್ತದೆ, ಸಾಮಾನ್ಯ ಡ್ರೈವರಿಗೆ ಅದನ್ನು ಹಿಡಿಯಲು ಆಗುವುದಿಲ್ಲ. ಟೈರನ್ನು ರಿಮ್ಮಿಗೆ ಕೂರಿಸುವುದು ಅಂಗಡಿಯ ಕೆಲಸ, ಮನೆಯಲ್ಲಿ ಪ್ರಯತ್ನಿಸಬೇಡಿ. ವಾಲ್ವ್ ಹೊಸದು ಕೇಳಿ ಹಾಕಿಸಿ.

ಪ್ಯಾಡಿನಲ್ಲಿ ಲೋಕಲ್ಲೋ ಒರಿಜಿನಲ್ಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹೆಸರಿರುವ ತಯಾರಕರದ್ದಾದರೆ ಸಾಕು, ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿಕೊಳ್ಳಿ. ಏರ್ ಫಿಲ್ಟರ್, ವೈಪರ್ ಯಾವುದಾದರೂ ಆದೀತು. ಬ್ರೇಕ್ ಹೋಸ್, ವೀಲ್ ಸಿಲಿಂಡರ್, ಡ್ರೈವ್ ಶಾಫ್ಟ್ ಬೂಟ್ ಇಂಥ ರಬ್ಬರ್ ಇರುವ ಸಾಮಾನಿನಲ್ಲಿ ಮಾತ್ರ ಜಿಪುಣತನ ಬೇಡ.

ಕೆಲಸಕ್ಕೆ ಸಿಮೆಂಟಿನ ಕಾಫಿ ಕಣದಂಥ ಜಾಗ ಬೇರೆ ಇಲ್ಲ. ಕೆಮ್ಮಣ್ಣಿನ ಮೇಲೆ ಜಾಕಿ ಕೂತು ಓರೆಯಾಗುತ್ತದೆ, ಬೇರೆ ಗತಿಯಿಲ್ಲದಿದ್ದರೆ ಅಡಿಗೆ ದಪ್ಪ ಹಲಗೆ ಕೊಡಿ. ಜಾಕಿಯೊಂದನ್ನೇ ನಂಬಿ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಹೊಸ ಪ್ಯಾಡಿಗೆ ಜಾಗ ಮಾಡಲು ಪಿಸ್ಟನ್ ಹಿಂದಕ್ಕೆ ಒತ್ತುವ ಮೊದಲು ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯಿಂದ ಸ್ವಲ್ಪ ಆಯಿಲ್ ಸಿರಿಂಜಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಉಕ್ಕಿ ಬಣ್ಣದ ಮೇಲೆ ಬೀಳುತ್ತದೆ. ಬಿದ್ದರೆ ಒರೆಸುತ್ತಾ ಕೂರದೆ ನೀರು ಸುರಿಯಿರಿ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ನಿಗೆ ಸಿಲಿಕೋನ್ ಗ್ರೀಸೇ ಹಾಕಿ. ಮಾಮೂಲಿ ಗ್ರೀಸಿಗೆ ರಬ್ಬರ್ ಊದಿಕೊಂಡು ಪಿನ್ ಹಿಡಿದುಕೊಳ್ಳುತ್ತದೆ.

ಬ್ಲೀಡ್ ಮಾಡಲು ಇನ್ನೊಬ್ಬರು ಬೇಕು. ಸಾಮಾನ್ಯವಾಗಿ ದೂರದ ಚಕ್ರ, ಅಂದರೆ ಹಿಂದಿನ ಎಡಗಡೆಯಿಂದ ಶುರು. ಅವರು ತುಳಿದು ಹಿಡಿಯಬೇಕು, ನೀವು ಚಕ್ರದ ಬಳಿ ಆಯಿಲ್ ಹೊರಬಿಡುವ ನಿಪ್ಪಲ್ ಕಾಲು ಸುತ್ತು ಬಿಚ್ಚಬೇಕು, ಆಯಿಲ್ ಹರಿದು ಬಂದ ಮೇಲೆ ಬಿಗಿಮಾಡಬೇಕು, ಆಮೇಲಷ್ಟೇ ಅವರು ಕಾಲು ತೆಗೆಯಬೇಕು. ಮೊದಲು ಕಟ್ಟಾಕಾಫಿ ಬಣ್ಣದ್ದು ಬರುತ್ತದೆ, ತಿಳಿಜೇನಿನ ಬಣ್ಣ ಬಂದ ಮೇಲೆ ಮುಂದಿನ ಚಕ್ರಕ್ಕೆ ಹೋಗಿ. ಹಳೇ ಕಾರಿನಲ್ಲಿ ಪೆಡಲ್ ಅಡಿಗೆ ಒಂದು ಮರದ ತುಂಡು ಇಡಿ: ನೆಲದವರೆಗೆ ತುಳಿದರೆ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಓಡಾಡದ, ತುಕ್ಕು ಕಟ್ಟಿದ ಜಾಗಕ್ಕೆ ಹೋಗಿ ಹರಿದುಹೋಗಬಹುದು. ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದು ಅದರೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಓಡಬೇಕಾದೀತು.

ಪ್ಯಾಡು ಹಾಕಿದ ದಿನವೇ ಘಾಟಿ ಇಳಿಯಬೇಡಿ, ಅದು ಇನ್ನೂ ಡಿಸ್ಕಿಗೆ ಹೊಂದಿಕೊಂಡಿರುವುದಿಲ್ಲ. ಕುಶಾಲನಗರದ ಕಡೆ ಸಪಾಟು ರಸ್ತೆಯಲ್ಲಿ, ಹಿಂದೆ ಗಾಡಿಯಿಲ್ಲದಾಗ, ವೇಗವನ್ನು 50ರಿಂದ 10 ಕಿಮೀಗೆ ಹತ್ತು ಸಲ ಹಗುರವಾಗಿ ಬ್ರೇಕ್ ತುಳಿದು ಇಳಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು. ವಾಪಸ್ ಬಂದು ವೀಲ್ ನಟ್ಟುಗಳನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿಮಾಡಿ. ಉಳಿದ ಆಯಿಲನ್ನು ಏನು ಮಾಡುವುದು ಅಂದರೆ, ನಾನು ಹಳೆಯದರ ಜೊತೆ ಕ್ಯಾನಿಗೆ ಸುರಿದು ಗ್ಯಾರೇಜಿಗೆ ಕೊಡುತ್ತೇನೆ. ಶೆಡ್ಡಿಗೆ ಮಾತ್ರ ಒಯ್ಯುವುದಿಲ್ಲ.