ಲಸಿಕೆ ಹಾಕಿಸಿದ ಒಂಬತ್ತನೇ ದಿನ ಕರುವಿಗೆ ಕಾಲುಬಾಯಿ ಜ್ವರ

ಹೊಳೆನರಸೀಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮ ಮೂರು ಹಸುಗಳಿಗೆ ಆರು ತಿಂಗಳಿಗೊಮ್ಮೆ ತಪ್ಪದೆ ಕಾಲುಬಾಯಿ ಲಸಿಕೆ ಹಾಕಿಸುತ್ತೇವೆ. ಈ ಸಲ ಐದು ತಿಂಗಳ ಕರುವಿಗೂ ಹಾಕಿಸಿದೆವು, ಅದಕ್ಕೆ ಅದೇ ಮೊದಲನೆಯದು. ಒಂಬತ್ತನೇ ದಿನ ಜೊಲ್ಲು ಸುರಿಸುತ್ತಾ ನಿಂತಿತ್ತು, ನಾಲಗೆ ಮೇಲೆ ಬೊಬ್ಬೆ. ಹಸುಗಳಿಗೆ ಏನೂ ಆಗಿಲ್ಲ. ಲಸಿಕೆಯೇ ರೋಗ ತಂತೇ? ಅದರಲ್ಲಿರುವ ಆಂಟಿಜೆನ್ ಅಂದರೇನು?"

ಲಸಿಕೆ ರೋಗ ತಂದಿಲ್ಲ. ಅದರಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್, ಮೈಯೊಳಗೆ ಬೆಳೆಯಲಾರದು. ಆದರೆ ಅದರ ಹೊರಚಿಪ್ಪು ಹಾಗೇ ಇರುತ್ತದೆ. ಆ ಚಿಪ್ಪಿನ ಪ್ರೋಟೀನೇ ಆಂಟಿಜೆನ್, ಪಠ್ಯಪುಸ್ತಕದ ಮಾತಿನಲ್ಲಿ ಪ್ರತಿಜನಕ.

ಸೂಜಿ ಚುಚ್ಚಿದ ಜಾಗದಲ್ಲಿ ಕಾವಲು ಕಣಗಳು ಅದನ್ನು ನುಂಗಿ, ಚೂರು ಮಾಡಿ, ಆ ಚೂರುಗಳನ್ನು ಹೊತ್ತು ಹತ್ತಿರದ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತವೆ. ಅಲ್ಲಿರುವ ಒಂದೊಂದು ಬಿಳಿ ರಕ್ತಕಣಕ್ಕೂ ಹಿಡಿಯಲು ಬರುವುದು ಒಂದೇ ಬಗೆಯ ಆಕಾರ. ಈ ಚಿಪ್ಪಿಗೆ ಹೊಂದುವ ಬಿ ಕಣಗಳು ಎಲ್ಲೋ ಬೆರಳೆಣಿಕೆಯಷ್ಟು. ಅವು ಚಿಪ್ಪನ್ನು ಹಿಡಿಯಬೇಕು, ಚೂರನ್ನು ಗುರುತಿಸಿದ ಟಿ ಕಣ ಅವಕ್ಕೆ ನೆರವಾಗಬೇಕು, ಆಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿ ಪ್ರತಿಕಾಯ, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನು (ಆಂಟಿಬಾಡಿ), ತಯಾರಿಸಬೇಕು. ರಕ್ಷಣೆ ಸಿಗುವಷ್ಟು ಪ್ರತಿಕಾಯ ಸೇರಲು ಎರಡು ಮೂರು ವಾರ ಹಿಡಿಯುತ್ತದೆ. ನಿಮ್ಮ ಕರುವಿಗೆ ಸಿಕ್ಕಿದ್ದು ಒಂಬತ್ತೇ ದಿನ. ವೈರಸ್ ಹೊಕ್ಕ ಮೇಲೆ ಬೊಬ್ಬೆ ಏಳಲು 2ರಿಂದ 14 ದಿನ ಬೇಕು, ಹಾಗಾಗಿ ಲಸಿಕೆಯ ದಿನವೇ ಸೋಂಕು ಒಳಗಿದ್ದಿರಲೂಬಹುದು. ಹಸುಗಳ ರಕ್ತದಲ್ಲಾದರೋ ಹಿಂದಿನ ಲಸಿಕೆಗಳ ಪ್ರತಿಕಾಯವೂ ನೆನಪಿನ ಕಣಗಳೂ ಮೊದಲೇ ಇದ್ದವು.

ಕರುವಿಗೆ 4 ತಿಂಗಳಲ್ಲಿ ಮೊದಲ ಲಸಿಕೆ, ತಿಂಗಳ ನಂತರ ಬೂಸ್ಟರ್, ಆಮೇಲೆ 6 ತಿಂಗಳಿಗೊಮ್ಮೆ. ಬೂಸ್ಟರ್ ಬಿಟ್ಟರೆ ನೆನಪು ಗಟ್ಟಿಯಾಗುವುದಿಲ್ಲ. ಬಹಳ ಮನೆಗಳಲ್ಲಿ ಬಿಟ್ಟುಹೋಗುವುದೂ ಇದೇ.

ನಾಲ್ಕು ತಿಂಗಳು ಏಕೆ ಕಾಯಬೇಕು ಎಂಬುದಕ್ಕೆ ಉತ್ತರ ಗಿಣ್ಣುಹಾಲಿನಲ್ಲಿದೆ. ಹಸುವಿನ ಗರ್ಭದಲ್ಲಿ ತಾಯಿಯ ಪ್ರತಿಕಾಯ ಕರುವಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಹುಟ್ಟಿ 24 ಗಂಟೆ ಕಳೆದರೆ ಕರುಳು ಅದನ್ನು ಹೀರುವುದನ್ನು ನಿಲ್ಲಿಸುತ್ತದೆ. 30 ಕೆಜಿ ತೂಗುವ ಕರುವಿಗೆ ಮೊದಲ ದಿನ 3 ಲೀಟರ್ ಕುಡಿಸಿ, ಅದರಲ್ಲಿ ಅರ್ಧ ಎರಡು ಗಂಟೆಯೊಳಗೇ. ಬೆಲ್ಲ, ಏಲಕ್ಕಿ ಹಾಕಿ ನೆಂಟರಿಗೆ ಗಿಣ್ಣು ಕಳಿಸುವುದು ಕರು ಕುಡಿದು ಉಳಿದರೆ ಮಾತ್ರ. ಇದೇ ಪ್ರತಿಕಾಯಗಳು ತೀರಾ ಎಳೆಯ ಕರುವಿಗೆ ಹಾಕಿದ ಲಸಿಕೆಯ ಆಂಟಿಜೆನ್ನನ್ನೂ ಮುಚ್ಚಿಬಿಡುತ್ತವೆ, ಕರುವಿನ ಸ್ವಂತ ಕಣಗಳಿಗೆ ಅದು ಕಾಣಿಸುವುದೇ ಇಲ್ಲ.

ಆಂಟಿಜೆನ್ ಕೆಡುವುದೂ ಉಂಟು. ಬಿಸಿ ತಗುಲಿದರೆ ಈ ವೈರಸ್ಸಿನ ಚಿಪ್ಪು 12 ಹೋಳಾಗಿ ಒಡೆಯುತ್ತದೆ, ಒಡೆದ ಹೋಳು ಬಿ ಕಣಗಳಿಗೆ ಕಲಿಸುವುದು ಬಹಳ ಕಡಿಮೆ. ಹೆಪ್ಪುಗಟ್ಟಿಸಿದರೆ ಲಸಿಕೆಯಲ್ಲಿ ಬೆರೆತಿರುವ ಎಣ್ಣೆ, ನೀರು ಬೇರೆಯಾಗುತ್ತವೆ. ಬಾಟಲಿ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಳಗಿನದು ಹಾಲಿನಂತೆ ಒಂದೇ ಸಮ ಬೆಳ್ಳಗಿದೆಯೇ ನೋಡಿ, ಪದರ ಒಡೆದಿದ್ದರೆ ಬೇಡ ಅನ್ನಿ. ಚುಚ್ಚಿದಲ್ಲಿ ಗಂಟಾದರೆ ಹೆದರಬೇಡಿ. ಎಣ್ಣೆ ಆಂಟಿಜೆನ್ನನ್ನು ಅಲ್ಲಿ ಹಿಡಿದಿಟ್ಟು ನಿಧಾನವಾಗಿ ಬಿಡುತ್ತಿರುತ್ತದೆ. ಉಜ್ಜಬೇಡಿ, ಸುಣ್ಣ ಬಳಿಯಬೇಡಿ.

ಈಗ ಕರುವನ್ನು ಬೇರೆ ಕಟ್ಟಿ, ಮೆತ್ತನೆಯ ಮೇವು ಕೊಡಿ. ಎಳೆಗರುಗಳಲ್ಲಿ ಈ ವೈರಸ್ ಹೃದಯದ ಸ್ನಾಯುವಿಗೂ ಇಳಿಯುತ್ತದೆ, ದಯವಿಟ್ಟು ಓಡಿಸಬೇಡಿ. ಪಶುವೈದ್ಯರಿಗೆ ಇವತ್ತೇ ತೋರಿಸಿ, ಬೂಸ್ಟರ್ ಯಾವಾಗ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.