ಸಣ್ಣ ಕುಂಚದ ತುದಿ ಸೀಳುತ್ತಿದ್ದರೆ ಮೊದಲು ಬುಡ ನೋಡಿ

ಸೊನ್ನೆ ನಂಬರಿನ ಸೇಬಲ್ (ಪ್ರಾಣಿಯ ಕೂದಲಿನ) ಕುಂಚವನ್ನು ಪ್ರತಿ ಸಲ ತೊಳೆದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೂ ತುದಿ ಎರಡಾಗಿ ಸೀಳುತ್ತಿದೆ, ಇಡುವ ರೀತಿಯೇ ತಪ್ಪೇ ಎಂದು ಕೇಳಿದ್ದೀರಿ. ನನಗೆ ಅದಕ್ಕಿಂತ ಹೆಚ್ಚು ಅನುಮಾನವಿರುವುದು ಕೂದಲನ್ನು ಹಿಡಿದಿರುವ ಲೋಹದ ಪಟ್ಟಿಯೊಳಗೆ ಒಣಗಿದ ಬಣ್ಣದ ಮೇಲೆ. ಅಕ್ರಿಲಿಕ್ ಬಣ್ಣ ಅಲ್ಲಿ ಒಮ್ಮೆ ಗಟ್ಟಿಯಾದರೆ ಕೂದಲನ್ನು ಬುಡದಲ್ಲೇ ಅಗಲಿಸುತ್ತದೆ. ಆಮೇಲೆ ತುದಿ ಕೂಡುವುದು ಕಷ್ಟ. ಕೂದಲಿನ ಅರ್ಧದವರೆಗೆ ಮಾತ್ರ ಬಣ್ಣ ತೆಗೆದುಕೊಳ್ಳಿ, ಕೆಲಸದ ನಡುವೆಯೂ ಆಗಾಗ ನೀರಿನಲ್ಲಿ ಅಲುಗಾಡಿಸಿ. ಬಣ್ಣ ಕಲಸಲು ಹಳೆಯ ಕುಂಚವೊಂದು ಬೇರೆಯೇ ಇರಲಿ.

ಕೊನೆಗೆ ಉಗುರುಬೆಚ್ಚಗಿನ ನೀರು, ಮೆದು ಸಾಬೂನು. ಅಂಗೈ ಮೇಲೆ ಕುಂಚವನ್ನು ಒಂದೇ ದಿಕ್ಕಿಗೆ ಎಳೆಯಿರಿ. ನೊರೆ ಬೆಳ್ಳಗಾಯಿತೆಂದು ನಿಲ್ಲಿಸಬೇಡಿ; ಬುಡವನ್ನು ಬೆರಳಿನಿಂದ ಮೆಲ್ಲಗೆ ಹಿಸುಕಿದರೆ ಎಷ್ಟೋ ಸಲ ಮತ್ತೆ ಬಣ್ಣ ಇಣುಕುತ್ತದೆ. ತೊಳೆದ ಮೇಲೆ ತುದಿಯನ್ನು ಬೆರಳಲ್ಲಿ ಚೂಪು ಮಾಡಿ, ಮಲಗಿಸಿ ಒಣಗಿಸಿ. ಒದ್ದೆ ಕುಂಚವನ್ನು ನೆಟ್ಟಗೆ ನಿಲ್ಲಿಸಿದರೆ ನೀರು ಪಟ್ಟಿಯೊಳಗೆ ಇಳಿದು ಅಂಟು ಸಡಿಲವಾಗುತ್ತದೆ, ಹಿಡಿಯ ಮರ ಉಬ್ಬಿ ಅದರ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಲೋಟದಲ್ಲಿ ನಿಲ್ಲಿಸಲು ಅಡ್ಡಿಯಿಲ್ಲ. ತುದಿಯ ಮೇಲೆ ಭಾರ ಬೀಳುವಂತೆ ಮಾತ್ರ ಎಂದಿಗೂ ನಿಲ್ಲಿಸಬೇಡಿ, ನೀರಿನ ಲೋಟದಲ್ಲೂ ಅಷ್ಟೇ.

ತಿಂಗಳುಗಟ್ಟಲೆ ಬಳಸದಿದ್ದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸೇಬಲ್ ಎಂದರೆ ಪ್ರಾಣಿಯ ಕೂದಲೇ. ಉಣ್ಣೆ ಬಟ್ಟೆ ತಿನ್ನುವ ಹುಳು ಅದನ್ನೂ ಬಿಡುವುದಿಲ್ಲ. ಆದರೆ ತೇವ ಉಳಿದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಕುಂಚದ ಜೊತೆ ಬರುವ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸುವಾಗ ಒಂದು ಕೂದಲು ಹಿಂದಕ್ಕೆ ಮಡಚಿಕೊಂಡರೂ ತುದಿ ಹಾಳಾಗುತ್ತದೆ, ಬೆಳಕಿನಲ್ಲಿ ನೋಡಿಕೊಂಡು ಹಾಕಿ.